ಟೀಟನ್ ಕೌಂಟಿಯ ಸರಾಸರಿ ಯಾರದು?
ಅಮೆರಿಕದ ವಯೋಮಿಂಗ್ ರಾಜ್ಯದ ಟೀಟನ್ ಕೌಂಟಿಯ (ಜಿಲ್ಲೆಯಂಥ ಆಡಳಿತ ವಿಭಾಗ) ತಲಾ ಆದಾಯ ದೇಶದಲ್ಲೇ ಅತಿ ಹೆಚ್ಚು, ಆದ್ದರಿಂದ ಅಲ್ಲಿನವರೆಲ್ಲ ಅನುಕೂಲಸ್ಥರು ಎಂದು ಲೇಖನವೊಂದು ವಾದಿಸಿದೆ. ತಲಾ ಆದಾಯದ ಮಾತು ಸರಿ. ಆದರೆ ಆ ತೀರ್ಮಾನವನ್ನು ಮಾತ್ರ ಒಪ್ಪಲಾಗದು. 2020ರ ಜನಗಣತಿಯಂತೆ ಕೇವಲ 23,331 ಜನರಿರುವ ಈ ಕೌಂಟಿಯಲ್ಲಿ, ರಾಜ್ಯದ ಆದಾಯ ತೆರಿಗೆ ಇಲ್ಲವೆಂಬ ಕಾರಣಕ್ಕೂ ಬಂದು ನೆಲೆಸಿದ ಕೆಲವೇ ಕುಬೇರರ ಬಡ್ಡಿ, ಡಿವಿಡೆಂಡುಗಳು ಸರಾಸರಿಯನ್ನು ಮುಗಿಲಿಗೇರಿಸುತ್ತವೆ. ಸುಮಾರು ಶೇ 97ರಷ್ಟು ನೆಲ ಒಕ್ಕೂಟ ಸರ್ಕಾರದ್ದಾದ್ದರಿಂದ ಮನೆಗಳಿಗೆ ಜಾಗವೇ ಕಡಿಮೆ. ಹೀಗಾಗಿ ಕೌಂಟಿಯ ಪಟ್ಟಣವಾದ ಜಾಕ್ಸನ್ನಿನ ಹೋಟೆಲುಗಳಲ್ಲಿ ಹಾಸಿಗೆ ಹಾಸುವ, ಪಾತ್ರೆ ತೊಳೆಯುವ ಎಷ್ಟೋ ಮಂದಿ ಪಕ್ಕದ ಐಡಹೊ ರಾಜ್ಯದ ಡ್ರಿಗ್ಸ್, ವಿಕ್ಟರ್ ಊರುಗಳಿಂದ ಟೀಟನ್ ಪಾಸ್ ಘಾಟಿ ಹತ್ತಿಳಿದು ಬರುತ್ತಾರೆ. 2024ರ ಜೂನ್‌ನಲ್ಲಿ ಆ ರಸ್ತೆ ಕುಸಿದಾಗ ಗಂಟೆಗಟ್ಟಲೆ ಸುತ್ತುಬಳಸಿ ಕೆಲಸಕ್ಕೆ ಬರಬೇಕಾದವರೂ ಇವರೇ. ವೈಯಕ್ತಿಕ ಆದಾಯವನ್ನು ವಾಸಸ್ಥಳದ ಮೇಲೆ ಲೆಕ್ಕ ಹಾಕುವುದರಿಂದ, ಇವರ ಅಲ್ಪ ಸಂಬಳ ಟೀಟನ್ನಿನ ಸರಾಸರಿಯೊಳಗೆ ಬರುವುದೇ ಇಲ್ಲ.