ಸೇತುವೆಗೂ ಒಂದು ಸೂರು

ಮಗನ ಮನೆಯಿಂದ, ಅಂದರೆ ಅಮೆರಿಕದಿಂದ, ವಾಪಸ್ ಬಂದು ಮೂರು ದಿನ ಆಗಿತ್ತು. ಧಾರವಾಡದಲ್ಲಿ ಜಿಟಿಜಿಟಿ ಮಳೆ. ಮಾಳಮಡ್ಡಿಯ ನಮ್ಮ ಹಂಚಿನ ಮನೆ ಎಂದಿನಂತೆ ಮೂರು ಕಡೆ ಸೋರುತ್ತಿತ್ತು. ಪಡಸಾಲೆಯಲ್ಲಿ ಬಕೆಟ್, ಅಡುಗೆಮನೆಯಲ್ಲಿ ಬೋಗುಣಿ, ದೇವರಮನೆ ಬಾಗಿಲಲ್ಲಿ ತಾಮ್ರದ ತಂಬಿಗೆ. ಇಂಥ ಹೊತ್ತಿಗೇ ಎದುರುಮನೆ ಕಾಕೂ ಫೋಟೋ ನೋಡಲು ಬಂದರು.

ಮೊದಲು ತೋರಿಸಿದ್ದೇ ಆ ಮರದ ಸೇತುವೆ. ಕಾಕೂ ಕನ್ನಡಕ ಏರಿಸಿದರು.

“ಅಯ್ಯ, ಹೊಳಿ ಮ್ಯಾಲೆ ದನದ ಕೊಟ್ಟಿಗಿ ಕಟ್ಯಾರಲ್ಲ!”

ಅವರದೇನೂ ತಪ್ಪಿಲ್ಲ. ಮೇಲೆ ಇಳಿಜಾರು ಸೂರು, ಎರಡೂ ಕಡೆ ಹಲಗೆ ಗೋಡೆ, ಒಳಗೆ ಕತ್ತಲು. ಒಂದು ಎಮ್ಮೆ ಕಟ್ಟಿದ್ದರೆ ನನಗೂ ಅನುಮಾನ ಬರುತ್ತಿರಲಿಲ್ಲ.

ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಕಾರ್ನಿಷ್, ವರ್ಮಾಂಟ್ ರಾಜ್ಯದ ವಿಂಡ್ಸರ್. ಈ ಎರಡು ಊರುಗಳ ನಡುವೆ ಕನೆಕ್ಟಿಕಟ್ ನದಿಗೆ 1866ರಲ್ಲಿ ಕಟ್ಟಿದ್ದು. ಸುಮಾರು 450 ಅಡಿ ಉದ್ದ. ಇವತ್ತಿಗೂ ಕಾರು ಓಡಾಡುತ್ತವೆ.

ನಮ್ಮ ಕಾರೂ ಓಡಿತು. ಆದರೆ ನಾನು ನೋಡಲಿಲ್ಲ. ಸೇತುವೆ ಹತ್ತಿರ ಬರುವಾಗಲೇ ಹಚ್ಚಿದ ಅವಲಕ್ಕಿ ಡಬ್ಬಿಯ ಮುಚ್ಚಳ ತಾನಾಗಿ ಬಿಚ್ಚಿಕೊಂಡಿತು. ಹೊಸ ಕಾರು, ಸೊಸೆಯದು. ಬಗ್ಗಿ ಸೀಟಿನ ಸಂದಿಯಿಂದ ಒಂದೊಂದೇ ಶೇಂಗಾ ಆರಿಸಿ ತಲೆ ಎತ್ತಿದರೆ ಬಿಸಿಲು.

“ಎಲ್ಲದನೋ ನಿನ್ನ ಬ್ರಿಜ್ಜು?”

“ದಾಟಿ ಬಂದ್ವೆಲ್ಲಮ್ಮಾ. ಈಗ ವರ್ಮಾಂಟಿನ್ಯಾಗ ಇದ್ದೀವಿ.”

ಪಾಪ, ಕಾರು ತಿರುಗಿಸಿದ. ಈ ಸಲ ವಿಡಿಯೋ ಮಾಡಿದೆ. ಆಚೆ ಹೋಗಿ ನೋಡಿದರೆ ಸೆಲ್ಫಿ ಕ್ಯಾಮೆರಾ ಆನ್ ಆಗಿತ್ತು. ಪೂರ್ತಿ 450 ಅಡಿ ನನ್ನ ಮೂಗಿನ ಹೊಳ್ಳೆ. ಮತ್ತೆ ತಿರುಗಿಸು ಅಂದೆ. ಅಂತೂ ಒಂದೇ ಮಧ್ಯಾಹ್ನ ನಾಲ್ಕು ಸಲ ರಾಜ್ಯ ಬದಲಿಸಿದೆವು. ಸದ್ಯ, ಟೋಲನ್ನು 1943ರಲ್ಲೇ ತೆಗೆದಿದ್ದಾರೆ. ಇದ್ದಿದ್ದರೆ ನಮ್ಮನೆಯವರು ಎರಡನೇ ಸಲಕ್ಕೇ ಇಳಿದು ಬಿಡುತ್ತಿದ್ದರು.

ಅವರ ಚಿಂತೆ ಬೇರೆ ಇತ್ತು. ಸೇತುವೆ ಬಾಯಿಗೆ ಹಳೇ ಕಾಲದ ಒಂದು ಬೋರ್ಡು: ಕುದುರೆ ಓಡಿಸಬೇಡಿ, ನಡೆಸಿಕೊಂಡು ಹೋಗಿ, ಇಲ್ಲದಿದ್ದರೆ ಎರಡು ಡಾಲರ್ ದಂಡ. ಅದನ್ನು ಓದಿದ್ದೇ ತಡ, “ಸಾವಕಾಶ ಹೊಡಿಯೋ, ಯಾರರೆ ನೋಡ್ತಿರ್ತಾರ” ಅಂತ ನಾಲ್ಕೂ ಸಲ ಹೇಳಿದರು. ಡಾಲರನ್ನು ರೂಪಾಯಿಗೆ ಗುಣಿಸುವ ಚಟ ಅವರಿಗೆ ಅಮೆರಿಕ ಬಿಡುವ ದಿನದವರೆಗೂ ಬಿಡಲಿಲ್ಲ.

“ಮಂದಿ ತೊಯ್ಸ್ಕೋಬಾರದಂತ ಸೂರು ಹಾಕ್ಯಾರೇನು?” ಕಾಕೂ ಕೇಳಿದರು.

ನಾನೂ ಮಗನಿಗೆ ಇದನ್ನೇ ಕೇಳಿದ್ದೆ. ಮಂದಿಗಲ್ಲ, ಮರಕ್ಕೆ! ಭಾರ ಹೊರುವ ತೊಲೆಗಳು ಮಳೆ, ಹಿಮಕ್ಕೆ ಬಿದ್ದರೆ ಹತ್ತಿಪ್ಪತ್ತು ವರ್ಷಕ್ಕೆ ಲಡ್ಡು ಹಿಡಿಯುತ್ತವೆ. ಸೂರು ಇದ್ದರೆ ನೂರು ವರ್ಷ ದಾಟುತ್ತವೆ. ಸೂರು ಹಾಳಾದರೆ ಸೂರು ಬದಲಿಸಿದರಾಯಿತು. ಇದರಲ್ಲೂ ಒಂದು ಮಜಾ ಇದೆ. ಆಗ ಚಳಿಗಾಲದಲ್ಲಿ ಚಕ್ರವಿಲ್ಲದ ಜಾರುಬಂಡಿ ಓಡಿಸುತ್ತಿದ್ದರು. ಸೂರಿನ ಕೆಳಗೆ ಹಿಮ ಬೀಳುವುದಿಲ್ಲ, ಬರೀ ಹಲಗೆ ಮೇಲೆ ಬಂಡಿ ಜಾರುವುದಿಲ್ಲ. ಹಾಗಾಗಿ ಆಳು ಹಚ್ಚಿ, ಹೊರಗಿನ ಹಿಮವನ್ನು ಸಲಿಕೆಯಿಂದ ಸೇತುವೆ ಒಳಗೆ ಹರವಿಸುತ್ತಿದ್ದರಂತೆ.

ಕಾಕೂ ಸೆರಗು ಬಾಯಿಗೆ ಹಿಡಿದು ನಕ್ಕರು. “ನೀರು ಒಳಗ ತರಸ್ಲಿಕ್ಕೆ ಪಗಾರ ಕೊಡತಿದ್ರು? ನಿಮ್ಮನ್ಯಾಗ ಪುಕ್ಕಟ ಬರ್ತದಲ್ಲ!”

ಉತ್ತರ ಹುಡುಕುತ್ತಿದ್ದೆ. ಅಷ್ಟರಲ್ಲಿ ಟಪ್ ಅಂತ ಮೊಬೈಲ್ ಮೇಲೆ ಒಂದು ಹನಿ. ಸರಿಯಾಗಿ ಸೇತುವೆ ಸೂರಿನ ಮೇಲೇ. ನಾಲ್ಕನೇ ಜಾಗ! ಮಾವ ಇದ್ದಾಗಿನಿಂದ ಸೋರದಿದ್ದ ಮೂಲೆ ಅದು.

“ಏನರೆ ಪಾತ್ರಿ ತಗೊಂಡ್ ಬರ್ರಿ” ಅಂತ ಕೂಗಿದೆ. ಪಾತ್ರೆಗಳೆಲ್ಲ ಡ್ಯೂಟಿ ಮೇಲಿದ್ದವು. ನಮ್ಮನೆಯವರು ಇನ್ನೂ ಖಾಲಿಯಾಗದ ಸೂಟ್‌ಕೇಸಿನಲ್ಲಿ ಕೈಯಾಡಿಸಿ ಅದೇ ಅವಲಕ್ಕಿ ಡಬ್ಬಿ ತಂದರು. ಮುಚ್ಚಳ ಈ ಸಲ ಜಪ್ಪಯ್ಯ ಅಂದರೂ ಬಿಚ್ಚಲಿಲ್ಲ.