ನೆಲ ಡೊಂಕೆಂದ ಗಾಲಿ

ಜನರಲ್ ಮೋಟರ್ಸ್ ಕಂಪನಿಯ ವೇಗದ ಕಾರುಗಳಾದ ಕಾರ್ವೆಟ್ ಝಡ್06 ಮತ್ತು ಗ್ರ್ಯಾಂಡ್ ಸ್ಪೋರ್ಟ್‌ಗಳ ಲೋಹದ ಗಾಲಿಗಳು ಬಿರುಕು ಬಿಡುತ್ತಿವೆ ಎಂದು ಅವುಗಳ ಮಾಲೀಕರು 2021ರಲ್ಲಿ ಅಮೆರಿಕದ ನ್ಯಾಯಾಲಯದ ಮೆಟ್ಟಿಲೇರಿದ್ದು ಕಾರಿನ ಹುಚ್ಚಿರುವವರಿಗೆಲ್ಲ ಗೊತ್ತಿರುವ ಸಂಗತಿ. ಆ ದೂರಿನಲ್ಲಿ ನನಗೆ ತುಂಬ ಹಿಡಿಸಿದ್ದು ಲೋಹಶಾಸ್ತ್ರವಲ್ಲ, ವಾರಂಟಿ ಕೇಳಿಕೊಂಡು ಹೋದವರಿಗೆ ಸಿಕ್ಕಿತೆನ್ನಲಾದ ಉತ್ತರ. ಗಾಲಿಯಲ್ಲಿ ಯಾವ ದೋಷವೂ ಇಲ್ಲ, ದೋಷವೆಲ್ಲ ರಸ್ತೆಯದು ಎಂಬುದು ಅದರ ಸಾರ. ಕುಣಿಯಲಾರದವಳು ನೆಲ ಡೊಂಕೆಂದಳಂತೆ ಎಂದು ನಾವು ಇಷ್ಟು ಕಾಲ ಬರಿಯ ಗೇಲಿಗೆ ಹೇಳುತ್ತಿದ್ದೆವು. 650 ಅಶ್ವಶಕ್ತಿಯ ಯಂತ್ರದ ವಾರಂಟಿಗೆ ಅದೇ ಮಾತು ಷರತ್ತಾಗಿ ಒದಗೀತೆಂದು ಗಾದೆ ಕಟ್ಟಿದವರಿಗೆ ಹೊಳೆದಿರಲಾರದು.

ಹಾಗೆಂದು ಆ ಗಾಲಿಗಳ ಸೌಂದರ್ಯವನ್ನು ಹೊಗಳದಿದ್ದರೆ ಅನ್ಯಾಯವಾದೀತು. ಆ ಝಡ್06ರ ಹಿಂಬದಿಯ ಟೈರಿನ ಅಳತೆ 335/25 ಝಡ್‌ಆರ್20. ಕೊನೆಯ 20 ಎಂದರೆ ಇಂಚುಗಳಲ್ಲಿ ರಿಮ್‌ನ ವ್ಯಾಸ. ಅಗಲ 335 ಮಿಲಿಮೀಟರ್. ರಿಮ್‌ನಿಂದ ನೆಲದವರೆಗಿನ ರಬ್ಬರಿನ ಎತ್ತರ ಅದರ ಶೇ 25, ಅಂದರೆ ಸುಮಾರು 84 ಮಿಲಿಮೀಟರ್. ನಾಲ್ಕು ಬೆರಳು ಅಡ್ಡ ಹಿಡಿದರೆ ಮುಚ್ಚಿಹೋಗುವ ಈ ಜಾಗದಲ್ಲಿಯೇ ಕಾರಿನ ತೂಕ, ಅದರ ವೇಗ ಮತ್ತು ಎದುರಾದ ಹೊಂಡ ಮೂರೂ ತಮ್ಮ ವ್ಯಾಜ್ಯವನ್ನು ಬಗೆಹರಿಸಿಕೊಳ್ಳಬೇಕು. ಟೈರಿನೊಳಗಿನ ಗಾಳಿ ಪೆಟ್ಟನ್ನು ನುಂಗಬೇಕಾದರೆ ಅದಕ್ಕೆ ಕುಗ್ಗಲು ಅವಕಾಶ ಬೇಕು. ಆ ಅವಕಾಶ ಮುಗಿದ ಕ್ಷಣದಲ್ಲಿ ಹೊಂಡದ ಅಂಚು ರಬ್ಬರನ್ನು ರಿಮ್‌ಗೆ ಒತ್ತಿ, ಉಳಿದ ಪೆಟ್ಟನ್ನು ನೇರವಾಗಿ ಲೋಹಕ್ಕೆ ದಾಟಿಸುತ್ತದೆ. ಇದು ಎಂಜಿನಿಯರುಗಳಿಗೆ ಗೊತ್ತಿಲ್ಲದ ರಹಸ್ಯವೇನಲ್ಲ. ಆದರೆ ಕಾರಿನ ಮೊದಲ ಚಿತ್ರವನ್ನು ಬರೆಯುವವನು ಎಂಜಿನಿಯರ್ ಅಲ್ಲ, ವಿನ್ಯಾಸಕಾರ. ಅವನ ಚಿತ್ರದಲ್ಲಿ ಗಾಲಿಯು ಮಡ್‌ಗಾರ್ಡಿನ ಕಮಾನಿನ ತುಂಬ ಹರಡಿಕೊಂಡಿರುತ್ತದೆ, ಟೈರ್ ಎಂಬುದು ಅದರ ಸುತ್ತ ಎಳೆದ ಪೆನ್ಸಿಲಿನ ಗೆರೆ. ಆ ಗೆರೆಗೆ ಗಾಳಿ ತುಂಬುವುದಷ್ಟೇ ಉಳಿದವರ ಪಾಲಿಗೆ ಬಂದ ಕೆಲಸ.

ಇದೆಲ್ಲ ಓಟದ ಮೈದಾನದಿಂದ ಬಂದ ತಂತ್ರಜ್ಞಾನವೆಂದು ಬ್ರೋಷರುಗಳು ಹೇಳುತ್ತವೆ. ಬ್ರೋಷರ್ ಬರೆಯುವವರು ಓಟವನ್ನು ನೋಡುವುದಿಲ್ಲವೆಂದು ಕಾಣುತ್ತದೆ. ಫಾರ್ಮುಲಾ ಒನ್ ಕಾರುಗಳು 2021ರ ಕೊನೆಯವರೆಗೂ ಓಡಿದ್ದು 13 ಇಂಚಿನ ಗಾಲಿಗಳ ಮೇಲೆ. ಸಸ್ಪೆನ್ಷನ್ ಮಾಡಬೇಕಾದ ಕೆಲಸದ ದೊಡ್ಡ ಪಾಲನ್ನು ಆ ಟೈರುಗಳ ದಪ್ಪ ಪಕ್ಕೆಗಳೇ ಮಾಡುತ್ತಿದ್ದವು. 2022ರಲ್ಲಿ ಅವು 18 ಇಂಚಿಗೆ ಏರಿದ್ದಕ್ಕೆ ಒಂದು ಮುಖ್ಯ ಕಾರಣ, ರಸ್ತೆಯ ಕಾರುಗಳ ಟೈರುಗಳಿಗೆ ಹತ್ತಿರವಾಗಬೇಕೆಂಬ ಆಸೆ. ಅಂದರೆ ರಸ್ತೆಯ ಕಾರು ಓಟದ ಕಾರನ್ನು ನೋಡಿ ಕಲಿಯುತ್ತದೆಂದು ನಾವು ನಂಬಿಕೊಂಡಿದ್ದಾಗ, ಓಟದ ಕಾರು ಶೋರೂಮಿನ ಗಾಜಿನಲ್ಲಿ ಇಣುಕಿ ನೋಡುತ್ತಿತ್ತು. ವಿಶ್ವ ರ‍್ಯಾಲಿಯಲ್ಲಿ ಜಲ್ಲಿಯ ಹಾದಿಗೆ ಇಳಿಯುವವರು ಇಂದಿಗೂ 15 ಇಂಚಿನ ಗಾಲಿಗೆ ದಪ್ಪ ಟೈರನ್ನೇ ತೊಡಿಸುತ್ತಾರೆ. ನೇರ ಹಾದಿಯಲ್ಲಿ ಎಲ್ಲರಿಗಿಂತ ಬಿರುಸಾಗಿ ನುಗ್ಗುವ ಡ್ರ್ಯಾಗ್ ಕಾರುಗಳ ಹಿಂದಿನ ಟೈರುಗಳಂತೂ ಹೊರಡುವ ಗಳಿಗೆಯಲ್ಲಿ ಜಾರಿದ ಕಾಲುಚೀಲದ ಹಾಗೆ ಸುಕ್ಕುಗಟ್ಟುತ್ತವೆ. ಪಾಪ, ಅವರಿಗೆಲ್ಲ ಗೆಲ್ಲುವ ಅನಿವಾರ್ಯತೆಯಿದೆ. ಚೆಂದ ಕಾಣುವ ಸೌಭಾಗ್ಯವಿಲ್ಲ.

ಇಷ್ಟು ಸಾಲದೆಂಬಂತೆ ಇದರ ಮೇಲೆ ರನ್-ಫ್ಲಾಟ್ ಟೈರ್ ಬಂತು. ಪಂಕ್ಚರಾದರೂ ಗಂಟೆಗೆ 80 ಕಿಲೋಮೀಟರ್ ಮೀರದಂತೆ ಇನ್ನೂ ಸುಮಾರು 80 ಕಿಲೋಮೀಟರ್ ಹೋಗಬಹುದೆಂಬುದು ಅದರ ಸಾಮಾನ್ಯ ಭರವಸೆ. ಗಾಳಿಯೆಲ್ಲ ಹೋದ ಮೇಲೂ ಕಾರನ್ನು ಹೊತ್ತು ನಿಲ್ಲುವಷ್ಟು ಅದರ ಪಕ್ಕೆ ಗಡುಸಾಗಿರುತ್ತದೆ. ಗಾಳಿ ಹೋದದ್ದು ಓಡಿಸುವವನ ಅರಿವಿಗೇ ಬಾರದಿರುವುದರಿಂದ, ಅದನ್ನು ತಿಳಿಸಲು ಒತ್ತಡದ ಮೇಲೆ ಕಣ್ಣಿಡುವ ವ್ಯವಸ್ಥೆಯೊಂದು ಬೇಕಾಗುತ್ತದೆ. ಅಪರಾತ್ರಿಯಲ್ಲಿ ಹೆದ್ದಾರಿಯ ಅಂಚಿನಲ್ಲಿ ಜ್ಯಾಕ್ ಹಿಡಿದು ಕೂರುವುದನ್ನು ಇದು ತಪ್ಪಿಸುತ್ತದೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಗಾಳಿಯಿಲ್ಲದಾಗ ಬಾಗದ ಪಕ್ಕೆ ಗಾಳಿಯಿದ್ದಾಗ ಮಾತ್ರ ಬಾಗಿ ಪೆಟ್ಟನ್ನು ನುಂಗೀತೆಂದು ನಿರೀಕ್ಷಿಸುವುದು ಹೇಗೆ? ಹೊಂಡಕ್ಕೆ ಇಳಿದೆದ್ದ ಮೇಲೆ ಟೈರ್ ಕ್ಷೇಮವಾಗಿರುತ್ತದೆ, ಗಾಲಿ ಒಡೆದಿರುತ್ತದೆ. ಗಾಳಿಯಿಲ್ಲದೆ ಓಡುವ ವಿದ್ಯೆ ನಮಗೆ ಸಿದ್ಧಿಸಿದೆ, ಗಾಲಿಯಿಲ್ಲದೆ ಓಡುವ ವಿದ್ಯೆ ಇನ್ನೂ ಬಂದಿಲ್ಲ. ಸ್ಟೆಪ್ನಿಯನ್ನು ಹುಡುಕಬೇಡಿ, ರನ್-ಫ್ಲಾಟ್ ಇರುವಾಗ ಅದೇಕೆ ಎಂದು ಅದನ್ನು ಮೊದಲೇ ತೆಗೆದುಹಾಕಿದ್ದಾರೆ. ಬಿಎಂಡಬ್ಲ್ಯು ತನ್ನ ಸಾಮಾನ್ಯ ಮಾದರಿಗಳಿಗೆ ವರ್ಷಗಟ್ಟಲೆ ರನ್-ಫ್ಲಾಟ್ ತೊಡಿಸುತ್ತ ಬಂದರೂ ತನ್ನ ವೇಗದ ಮಾದರಿಗಳಾದ ಎಂ3, ಎಂ5ಗಳಿಗೆ ಮಾತ್ರ ಮಾಮೂಲಿ ಟೈರುಗಳನ್ನೇ ಹಾಕಿತು. ಬಿರುಸಾಗಿ ಓಡಿಸಲು ಕೊಂಡವರಿಗೆ ಒಂದು ನ್ಯಾಯ, ಹಾಗೆ ಓಡಿಸುವವರಂತೆ ಕಾಣಲು ಕೊಂಡವರಿಗೆ ಇನ್ನೊಂದು.

ಬಿರುಕು ಬಿಟ್ಟ ಗಾಲಿಯನ್ನು ಹತ್ತಿರದಿಂದ ನೋಡಬೇಕು. ಹೊರಮುಖದಲ್ಲಿ ಒಂದು ಗೀರೂ ಇರುವುದಿಲ್ಲ, ಹೊಳಪು ಹಾಗೆಯೇ ಇರುತ್ತದೆ. ಕೆಲವು ದಿನಗಳಿಗೊಮ್ಮೆ ಗಾಳಿ ಕಡಿಮೆಯಾಗುತ್ತಿತ್ತು, ಸ್ಟಿಯರಿಂಗ್ ಸಣ್ಣಗೆ ನಡುಗುತ್ತಿತ್ತು ಎಂಬುದಷ್ಟೇ ಮಾಲೀಕನ ದೂರು. ಗಾಲಿಯನ್ನು ಬಿಚ್ಚಿ, ಒಳಬದಿಗೆ ಅಂಟಿದ ಬ್ರೇಕಿನ ಕಪ್ಪು ಪುಡಿಯನ್ನು ಒರೆಸಿ, ಸೋಪಿನ ನೀರು ಸವರಿದರೆ ಸಣ್ಣ ಗುಳ್ಳೆಗಳು ಒಂದೇ ಸಾಲಿನಲ್ಲಿ ಏಳುತ್ತವೆ. ಆ ಸಾಲಿನ ಕೆಳಗೆ, ಒಳ ಅಂಚಿನಿಂದ ನಡುವಿನತ್ತ ಹೊರಟ ಕೂದಲೆಳೆಯಂಥ ಗೆರೆಯಿರುತ್ತದೆ. ಹೊರಗೆ ಥಳಕು, ಒಳಗೆ ಹುಳುಕು ಎಂಬುದನ್ನು ಇಷ್ಟು ನಿಷ್ಠೆಯಿಂದ ಪಾಲಿಸಿದ ಇನ್ನೊಂದು ವಸ್ತುವನ್ನು ನಾನು ಕಾಣೆ. ವೆಲ್ಡಿಂಗ್ ಮಾಡಿಸಿಕೊಳ್ಳೋಣವೆಂದರೆ, ಶಾಖ ಸಂಸ್ಕಾರದಿಂದ ಲೋಹಕ್ಕೆ ಬಂದ ಬಲ ವೆಲ್ಡಿಂಗಿನ ಬಿಸಿಗೆ ಆ ಜಾಗದಲ್ಲಿ ಕುಂದಿಹೋಗುತ್ತದೆ.

ಈ ಗಾಲಿಗಳನ್ನು ಪರೀಕ್ಷಿಸಿಯೇ ಮಾರುತ್ತಾರೆ, ಅನುಮಾನ ಬೇಡ. ಐಎಸ್ಒ 7141 ಎಂಬ ಮಾನದಂಡದ ಪ್ರಕಾರ ಗಾಲಿಯನ್ನು 13 ಡಿಗ್ರಿ ಓರೆಯಾಗಿ ನಿಲ್ಲಿಸಿ ಅದರ ಹೊರ ಅಂಚಿನ ಮೇಲೆ ಭಾರವೊಂದನ್ನು ಬೀಳಿಸುತ್ತಾರೆ. ಪಾದಚಾರಿ ಕಟ್ಟೆಗೆ ಗಾಲಿ ಬಡಿದಾಗ ಏನಾಗುತ್ತದೆಂದು ನೋಡುವುದು ಇದರ ಉದ್ದೇಶ. ಕಡ್ಡಿಗಳ ಆಸರೆಯಿಂದ ದೂರವಿರುವ ಒಳ ಅಂಚಿನಲ್ಲಿಯೇ ಬಿರುಕುಗಳು ಹೆಚ್ಚಾಗಿ ಮೂಡುವುದಕ್ಕೆ ಕಾರಣ, ಬಹುಶಃ ಆ ಮಾನದಂಡದ ಪ್ರತಿಯನ್ನು ಯಾರೂ ಹೊಂಡಗಳಿಗೆ ತಲುಪಿಸದಿರುವುದು. ಎರಕ ಹೊಯ್ದ ಅಲ್ಯೂಮಿನಿಯಂ ಅಗ್ಗ, ಆದರೆ ಪೆಟ್ಟಿಗೆ ಸೀಳುವ ಸ್ವಭಾವದ್ದು. ಒತ್ತಿ ಬಡಿದು ಮಾಡಿದ ಫೋರ್ಜ್ಡ್ ಗಾಲಿ ದುಬಾರಿ, ಅದು ಸೀಳುವ ಬದಲು ಹೆಚ್ಚಾಗಿ ಬಾಗುತ್ತದೆ. ಕಾರ್ವೆಟ್ ಮಾಲೀಕರ ತಕರಾರಿನ ತಿರುಳೂ ಇದೇ, ಇಂಥ ಕಾರಿಗೆ ಎರಕದ ಗಾಲಿಯೇಕೆ ಎಂಬುದು.

ನಗುವುದಕ್ಕೂ ಒಂದು ಮಿತಿಯಿದೆ. ಗಾಲಿ ಇರುವುದೇ ರಸ್ತೆಯ ಮೇಲೆ ಉರುಳಲು. ತೆಳು ಟೈರಿಗೆ ಹಾನಿಯಾಗುವ ಸಂಭವ ಹೆಚ್ಚೆಂದು ಕೈಪಿಡಿಯ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಅಚ್ಚು ಹಾಕಿಸುವವರಿಗೆ, ಅದೇ ಗಾಲಿಯನ್ನು ಹೆಚ್ಚುವರಿ ಹಣ ಪಡೆದು ಮಾರುವಾಗ ಆ ಮಾತನ್ನು ದೊಡ್ಡ ದನಿಯಲ್ಲಿ ಹೇಳಲು ಏನು ಕಷ್ಟ? ಒಡೆದ ಮೇಲೆ ಮಾತ್ರ ಎಷ್ಟು ವೇಗದಲ್ಲಿದ್ದಿರಿ, ಗಾಳಿಯ ಒತ್ತಡ ಎಷ್ಟಿತ್ತು, ಹೊಂಡ ಕಾಣಲಿಲ್ಲವೇ ಎಂದು ಕೊಂಡವನನ್ನೇ ಕಟಕಟೆಯಲ್ಲಿ ನಿಲ್ಲಿಸುತ್ತಾರೆ. ವೇಗವೇ ಈ ಕಾರಿನ ಮಾರಾಟದ ಮಂತ್ರವಾಗಿತ್ತಲ್ಲವೇ? ತಿರುವಿನಲ್ಲಿ ಗಾಲಿ ಸೀಳಿ ಗಾಳಿ ಹೋದರೆ ಹೋಗುವುದು ಪ್ರಾಣ. ಅದಕ್ಕೆ ಯಾವ ವಾರಂಟಿಯೂ ಇಲ್ಲ.

ಈಗ ಪರಿಹಾರವೂ ಸಿದ್ಧವಾಗಿದೆ. ಟೈರು ಮತ್ತು ರಿಮ್‌ಗಳ ರಕ್ಷಣಾ ಯೋಜನೆಯೊಂದನ್ನು ಕಾರು ಮಾರುವ ಮೇಜಿನಲ್ಲಿಯೇ ಮಾರುತ್ತಾರೆ. ಒಡೆಯದ ಗಾಲಿಗೆ ಈ ವಿಮೆ ಏಕೆಂದು ಕೇಳುವಷ್ಟು ಅವಿವೇಕ ಯಾರೂ ತೋರಬಾರದು. ಹಿಮ ಬೀಳುವ ದೇಶಗಳಲ್ಲಿ ಇಂಥ ಎಷ್ಟೋ ಕಾರುಗಳಿಗೆ ತಯಾರಕರೇ ಒಪ್ಪಿದ ಚಳಿಗಾಲದ ಗಾಲಿಗಳ ಪಟ್ಟಿಯೊಂದಿರುತ್ತದೆ. ಒಂದೆರಡು ಇಂಚು ಚಿಕ್ಕ ರಿಮ್, ಅದಕ್ಕೆ ತಕ್ಕ ದಪ್ಪ ಟೈರ್. ಅದು ಬ್ರೇಕಿಗೆ ತಾಗುವುದಿಲ್ಲ, ಕಾರಿನ ಓಟವೂ ಕೆಡುವುದಿಲ್ಲ. ಅದನ್ನೇ ವರ್ಷವಿಡೀ ಕೊಡಿ ಎಂದು ಕೇಳಿದರೆ ಮಾತ್ರ ಮಾರಾಟಗಾರನ ಮುಖ ಸಿಂಡರಿಸುತ್ತದೆ: ಕಾರು ನೋಡಲು ಚೆನ್ನಾಗಿರುವುದಿಲ್ಲವಂತೆ.