ಗೋಡೆಯಲ್ಲಿ ನೀರು ಬಿತ್ತು

ಕೋಲಾರದ ಕಡೆ ಸಾವಿರ ಅಡಿ ಬೋರು ಕೊರೆಸಿ, ಬರೀ ಧೂಳು ನೋಡಿ, ಮುಖ ಒರೆಸಿಕೊಂಡು ಮನೆಗೆ ಬಂದವರು ಬೀದಿಗೊಬ್ಬರು ಸಿಗುತ್ತಾರೆ. ಅಂಥ ಊರಲ್ಲಿ ನಮಗೆ ಪೈಸೆ ಖರ್ಚಿಲ್ಲದೆ ನೀರು ಬಿತ್ತು. ಹಾಲ್‌ನ ಗೋಡೆಯಲ್ಲಿ, ಟೀವಿ ಸ್ವಿಚ್‌ಬೋರ್ಡಿನ ಕೆಳಗೆ. ಮುಳಬಾಗಿಲಿನಿಂದ ದೊಡ್ಡಪ್ಪ ಫೋನು ಮಾಡಿ, "ಎಷ್ಟಿಂಚಪ್ಪಾ?" ಎಂದು ವಿಚಾರಿಸಿಕೊಂಡರು.

ನಮ್ಮದು ಸಾಮಾನ್ಯ ಗೋಡೆಯಲ್ಲ. ಮಾಲೂರು ಇಟ್ಟಿಗೆಯನ್ನು ಮಗ್ಗುಲಾಗಿ ನಿಲ್ಲಿಸಿ, ಎರಡು ಸಾಲಿನ ನಡುವೆ ಟೊಳ್ಳು ಬಿಟ್ಟು ಕಟ್ಟಿದ ರ‍್ಯಾಟ್ ಟ್ರ್ಯಾಪ್ ಬಾಂಡ್. ಕೇರಳದಲ್ಲಿ ವಾಸ್ತುಶಿಲ್ಪಿ ಲಾರಿ ಬೇಕರ್ ಮನೆಮಾತಾಗಿಸಿದ ವಿಧಾನ. ಇಟ್ಟಿಗೆ ಸುಮಾರು ಕಾಲು ಭಾಗ ಉಳಿಯುತ್ತೆ, ಟೊಳ್ಳಿನ ಗಾಳಿ ಬಿಸಿಲನ್ನು ತಡೆಯುತ್ತೆ. ಸುಳ್ಳಲ್ಲ. ಏಪ್ರಿಲ್ ಮಧ್ಯಾಹ್ನ ಗೋಡೆಯ ನಡುವೆ ಕೈಯಿಟ್ಟರೆ ತಣ್ಣಗಿರುತ್ತೆ. ಟೊಳ್ಳಿಲ್ಲದೆ ಗಟ್ಟಿಯಾಗಿ ಕಟ್ಟಿದ ಕಿಟಕಿ ಪಕ್ಕದಲ್ಲಿ, ಲಿಂಟೆಲ್ ಹತ್ತಿರ ಬಿಸಿ. ನಮ್ಮತ್ತೆ ಯಾವ ಇಂಜಿನಿಯರನ್ನೂ ಕೇಳದೆ ಇದನ್ನು ಕಂಡುಹಿಡಿದು, ಚಾಪೆಯನ್ನು ಕಿಟಕಿಯಿಂದ ಮಾರು ದೂರ ಎಳೆದುಕೊಂಡಿದ್ದರು.

ತೊಂದರೆ ಬಂದದ್ದು ಹಿಂಗಾರಿನಲ್ಲಿ. ಮದ್ರಾಸಿನ ಕಡೆ ವಾಯುಭಾರ ಕುಸಿದರೆ ನಮ್ಮಲ್ಲಿ ಜಡಿಮಳೆ. ಗೋಡೆ ಒದ್ದೆಯಾದದ್ದೇ ತಡ, ಕಾಫಿ ಲೋಟ ಹಿಡಿದವರೆಲ್ಲ ತಜ್ಞರಾದರು. ಮಾವನವರು ಬಾತ್‌ರೂಮ್ ಪೈಪು ಎಂದರು. ಬಾತ್‌ರೂಮು ಇರುವುದು ಮನೆಯ ಆ ತುದಿಯಲ್ಲಿ. ಪಕ್ಕದ ಮನೆ ಮೇಷ್ಟ್ರು ವಾಸ್ತು ಎಂದರು. ಪೇಂಟರ್ ಮಾತ್ರ ಏನೂ ಅನ್ನದೆ ಒಳಗಿನಿಂದ ವಾಟರ್‌ಪ್ರೂಫ್ ಬಣ್ಣ ಬಳಿದು, ದುಡ್ಡು ಎಣಿಸಿಕೊಂಡು ಹೋದ. ಹೊರಗಿನಿಂದ ಬಂದ ನೀರು ಒಳಗೆ ಬಾಗಿಲು ಹಾಕಿದರೆ ವಾಪಸ್ ಹೋಗುತ್ತದೆಯೇ? ಬಣ್ಣ ಹಪ್ಪಳದ ಹಾಗೆ ಉಬ್ಬಿತು. ಚಿವುಟಿದರೆ ಹಿಂದಿನಿಂದ ಬಿಳೀ ಪುಡಿ. ಗೋಡೆ ಉಪ್ಪು ಬಿಟ್ಟಿದೆ ಎಂದದ್ದು ಕೇಳಿಸಿಕೊಂಡ ಮಗ ನೆಕ್ಕಿ ನೋಡಿ, "ಕಮ್ಮಿ ಐತೆ" ಎಂದ.

ಕೊನೆಗೆ ಒಬ್ಬರು ಹಳೇ ಮೇಸ್ತ್ರಿ ಬಂದರು. ಕರಣೆಯ ಹಿಡಿಯಿಂದ ಗೋಡೆ ತಟ್ಟುತ್ತಾ ಹೋದರು. ಟೊಣ್, ಟೊಣ್, ಟೊಣ್. ಸ್ವಿಚ್‌ಬೋರ್ಡಿನ ಕೆಳಗೆ ದಪ್.

"ಇಲ್ಲೇನೋ ತುಂಬವ್ರೆ ಸಾ."

ಎರಡು ಇಟ್ಟಿಗೆ ಬಿಡಿಸಿದರು. ಟೊಳ್ಳಿನೊಳಗಿಂದ ಗಾರೆ ಹೆಂಟೆ, ಇಟ್ಟಿಗೆ ಚೂರು, ಪೈಪಿನ ತುಂಡು, ಗುಟ್ಕಾ ಪ್ಯಾಕೆಟ್ಟುಗಳು ಬಂದವು. ಹಿಂದೆಯೇ ಒಂದು ಚಾಣ. ಎಲೆಕ್ಟ್ರಿಷಿಯನ್ "ನಿಮ್ಮ ಸೈಟಲ್ಲೇ ಕಳೆದುಹೋಯ್ತು" ಎಂದು ನನ್ನ ಹತ್ತಿರ ದುಡ್ಡು ವಸೂಲಿ ಮಾಡಿದ್ದ ಚಾಣ! ವೈರಿನ ಪೈಪಿಗೆಂದು ಗೋಡೆ ಕೊರೆದವನು ಕಸವನ್ನೆಲ್ಲ ಒಳಗೇ ತಳ್ಳಿ ಮೇಲೆ ಸಿಮೆಂಟು ಮೆತ್ತಿದ್ದ. ಹೊರಗೆ ಕಿಟಕಿ ಕೆಳಗಿನ ಸಂದಿನಲ್ಲಿ ಬಿರುಕು. ಎರಡು ಸಾಲನ್ನು ಜೋಡಿಸುವ ಅಡ್ಡ ಇಟ್ಟಿಗೆಗಳಲ್ಲಿ ತೇವ ಅಲ್ಪಸ್ವಲ್ಪ ಹೇಗೂ ದಾಟುತ್ತದಂತೆ. ನಮ್ಮಲ್ಲಿ ಅದಕ್ಕೆ ಸೇತುವೆಯೇ ಸಿಕ್ಕಿತ್ತು.

ಮೇಸ್ತ್ರಿ ಟೊಳ್ಳಿನ ಕಸವನ್ನೆಲ್ಲ ಬಳಿದು ತೆಗೆದು, ಹೊರಗಿನ ಸಂದಿಗೆ ಗಾರೆ ತುಂಬಿ, ಗೋಡೆ ಪೂರ್ತಿ ಒಣಗುವ ತನಕ ತೂತು ಮುಚ್ಚಬೇಡಿ, ಬಣ್ಣದ ಮಾತೂ ಎತ್ತಬೇಡಿ ಎಂದು ಹೇಳಿ ಹೋದರು.

ಸಂಜೆ ಮೇಷ್ಟ್ರು ತೂತಿಗೆ ಟಾರ್ಚ್ ಬಿಟ್ಟು ನೋಡಿದರು. ಚಾಣವನ್ನು ಕೈಗೆತ್ತಿಕೊಂಡು ತಿರುಗಿಸಿದರು.

"ನಮ್ಮ ಮಹಡಿ ವೈರಿಂಗಿಗೆ ಆ ಹುಡುಗನ್ನೇ ಗೊತ್ತು ಮಾಡಿದೀನಿ, ರೇಟು ಕಮ್ಮಿ. ಕೊಡಿ, ನಾಳೆ ಬರ‍್ತಾನೆ, ನಾನೇ ತಲುಪಿಸ್ತೀನಿ."